ಸಮವಸ್ತ್ರ ಮೊದಲೋ, ಸಮುದ್ರ ಮೊದಲೋ?

ಹೈದರಾಬಾದಿಗೂ ಕಡಲಿಗೂ ಸುಮಾರು ಮುನ್ನೂರು ಕಿಲೋಮೀಟರುಗಳ ಅಂತರ. ಹೆಸರಿನಲ್ಲಿ ಸಾಗರವನ್ನು ಹೊತ್ತ ಹುಸೇನ್ ಸಾಗರವೂ ಒಂದು ಕೆರೆಯೇ. ಹೀಗಿದ್ದರೂ ದಿಲ್‌ಸುಖ್‌ನಗರದ ಮೆಟ್ರೋ ನಿಲ್ದಾಣದಿಂದಿಳಿದು ಚೈತನ್ಯಪುರಿಯತ್ತ ನಡೆಯುವವರಿಗೆ, ಸಾಫ್ಟ್‌ವೇರು, ಬ್ಯಾಂಕು, ಪೊಲೀಸು, ಶಿಕ್ಷಕರ ನೇಮಕಾತಿ ಎಂದು ಒಂದರ ಮೇಲೊಂದು ಏರಿ ಕುಳಿತ ತರಬೇತಿ ಫಲಕಗಳ ನಡುವೆ, ಬಿಳಿಯ ಉಡುಪಿನ ಯುವಕನೊಬ್ಬನ ಚಿತ್ರವೂ ಕಣ್ಣಿಗೆ ಬೀಳುತ್ತದೆ. ಹಿನ್ನೆಲೆಯಲ್ಲಿ ನೀಲಿ ನೀರು, ತಲೆಯ ಮೇಲೆ ಲಂಗರಿನ ಲಾಂಛನವುಳ್ಳ ಟೋಪಿ, ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿಗಳು. ಮುಖವನ್ನು ನೋಡಿದರೆ ಇಪ್ಪತ್ತು ದಾಟಿರಲಾರದು. ನಾಲ್ಕು ಪಟ್ಟಿಗಳೆಂದರೆ ಹಡಗಿನ ಕಪ್ತಾನನ ಪದವಿ. ಕೆಡೆಟ್ಟಾಗಿ ಸೇರಿದವನು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಸಮುದ್ರದ ಮೇಲೆ ಕಳೆದ ತಿಂಗಳುಗಳನ್ನು ಎಣಿಸಿ ತೋರಿಸಿ, ಹತ್ತು ಹನ್ನೆರಡು ವರ್ಷಗಳ ತರುವಾಯ ಏರಬಹುದಾದ ಮೆಟ್ಟಿಲು ಅದು. ಫಲಕದ ಯುವಕನು ಅದನ್ನು ಛಾಯಾಚಿತ್ರಗಾರನ ಕೋಣೆಯಲ್ಲಿಯೇ ಏರಿಬಿಟ್ಟಿದ್ದಾನೆ.

ಈ ಚಿತ್ರ ನಿರಪಾಯಕಾರಿಯೆಂದು ನಾನು ಭಾವಿಸುವುದಿಲ್ಲ. ವಾಣಿಜ್ಯ ನೌಕಾಧಿಕಾರಿಯ ಸಾಂಪ್ರದಾಯಿಕ ಸಮವಸ್ತ್ರವು ಒಂದು ದೀರ್ಘ ಕ್ರಮದ ಕೊನೆಯಲ್ಲಿ ಮೈಮೇಲೆ ಬರಬೇಕಾದ ವಸ್ತು. ಇಂದು ನಮ್ಮ ನಗರಗಳಲ್ಲಿ ಅದು ಎಲ್ಲಕ್ಕಿಂತ ಮೊದಲು ಬರುತ್ತಿದೆ. ಅದೇ ವೇಳೆಗೆ, ಅದನ್ನು ನಿಜವಾಗಿ ಗಳಿಸಿದ ಹಿರಿಯರ ಮನೆಗಳಲ್ಲಿ ಅದು ಟ್ರಂಕಿನ ತಳ ಸೇರಿದೆ. ಈ ತಿರುವುಮುರುವನ್ನು ಹೊರನಾಡ ಕನ್ನಡಿಗರಾದ ನಾವು ಗಮನಿಸುವುದು ಲೇಸೆಂಬುದೇ ಈ ಬರಹದ ಉದ್ದೇಶ.

ಮೊದಲು ಆ ಉಡುಪಿನ ವಿಚಾರ. ಕಡುನೀಲಿ ಉಣ್ಣೆಯ, ಎರಡು ಸಾಲು ಹಿತ್ತಾಳೆ ಗುಂಡಿಗಳ ರೀಫರ್ ಕೋಟು. ತೋಳಿನ ಅಂಚಿನಲ್ಲಿ ಚಿನ್ನದ ಸರಿಗೆಯ ಪಟ್ಟಿಗಳು. ಉಷ್ಣವಲಯದಲ್ಲಿ ಅದರ ಬದಲು ಬಿಳಿಯ ಅಂಗಿ, ಬಿಳಿಯ ಷರಾಯಿ ಮತ್ತು ಭುಜಪಟ್ಟಿ. ಹಿಂದೆ ಒಂದೊಂದು ಕಂಪನಿಗೆ ಒಂದೊಂದು ರೀತಿಯಿದ್ದುದನ್ನು ಬ್ರಿಟನ್ನು ೧೯೧೮ರಲ್ಲಿ ಒಂದು ಮಾದರಿಗೆ ತಂದಿತು. ಮರುವರ್ಷವೇ, ಹಕ್ಕಿಲ್ಲದವರು ಅದನ್ನು ತೊಡುವುದು ಅಪರಾಧವೆಂದು ಕಾಯಿದೆಯನ್ನೂ ಮಾಡಿತು. ನೌಕಾಪಡೆಯ ಅಧಿಕಾರಿಯ ಮೇಲಿನ ಪಟ್ಟಿಯಲ್ಲಿ ಒಂದು ಸುರುಳಿ ಇರುತ್ತದೆ. ವಾಣಿಜ್ಯ ನೌಕೆಯ ಮಾದರಿಯಲ್ಲಿ ಸುರುಳಿಯ ಸ್ಥಾನದಲ್ಲಿ ವಜ್ರಾಕೃತಿ ಬಂದಿತು. ಕಪ್ತಾನನಿಗೂ ಮುಖ್ಯ ಇಂಜಿನಿಯರಿಗೂ ನಾಲ್ಕು, ಮುಖ್ಯ ಅಧಿಕಾರಿಗೆ ಮೂರು, ಅವನ ಕೆಳಗಿನವರಿಗೆ ಎರಡು, ಒಂದು. ಇಂಜಿನಿಯರುಗಳ ಪಟ್ಟಿಗಳ ನಡುವೆ ನೇರಳೆ ಬಣ್ಣ, ವೈದ್ಯನಿಗೆ ಕೆಂಪು, ಲೆಕ್ಕಪತ್ರ ನೋಡುವ ಪರ್ಸರನಿಗೆ ಬಿಳಿ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ಇಂಜಿನಿಯರುಗಳಲ್ಲಿ ಒಬ್ಬರೂ ಬದುಕಿ ಬರಲಿಲ್ಲವೆಂಬುದು ನಿಜ. ಅವರ ಗೌರವಾರ್ಥ ದೊರೆಯು ನೇರಳೆಯನ್ನು ದಯಪಾಲಿಸಿದನೆಂಬ ಕತೆ ಮಾತ್ರ ನಂಬಲರ್ಹವಲ್ಲ, ಏಕೆಂದರೆ ಬ್ರಿಟಿಷ್ ನೌಕಾಪಡೆಯ ಇಂಜಿನಿಯರುಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ಬಣ್ಣವನ್ನು ಧರಿಸುತ್ತಿದ್ದರು. ಇನ್ನು ವಿಮಾನ ಚಾಲಕರ ನಾಲ್ಕು ಪಟ್ಟಿಗಳು ಹಡಗಿನಿಂದ ಎರವಲು ಪಡೆದವು. ನೀರಿನ ಮೇಲಿಳಿಯುವ ವಿಮಾನಗಳ ಕಾಲದಲ್ಲಿ, ೧೯೩೦ರ ದಶಕದಲ್ಲಿ, ಅಮೆರಿಕದ ಪ್ಯಾನ್ ಆಮ್ ಸಂಸ್ಥೆ ಆ ರೂಢಿಯನ್ನು ಹಾಕಿಕೊಟ್ಟಿತು. ನಮ್ಮ ಫಲಕಗಳ ಮೇಲಿನ ಉಡುಪಿನಲ್ಲಾದರೋ ನೌಕಾಪಡೆಯ ಸುರುಳಿ, ವಿಮಾನ ಚಾಲಕನ ರೆಕ್ಕೆ, ವಾಣಿಜ್ಯ ನೌಕೆಯ ಲಂಗರು ಮೂರೂ ಒಂದೇ ಮೈಮೇಲೆ ಸುಖವಾಗಿ ನೆಲೆಸಿರುವುದನ್ನು ನಾನು ಕಂಡಿದ್ದೇನೆ.

ಇದೆಲ್ಲ ಆಂಗ್ಲರ ಆಡಂಬರ, ನಮಗೇಕೆ ಎಂದು ಕೇಳುವವರಿರಬಹುದು. ಆ ಉಡುಪನ್ನು ಭಾರತೀಯನು ತೊಡುವುದೇ ಒಂದು ರಾಜಕೀಯ ಪ್ರಶ್ನೆಯಾಗಿದ್ದ ಕಾಲವೊಂದಿತ್ತು. ಭಾರತೀಯರು ಶತಮಾನಗಳಿಂದ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದರು. ಆದರೆ ಲಸ್ಕರ್ ಎಂಬ ಹೆಸರಿನಲ್ಲಿ, ಬಾಯ್ಲರಿನ ಮುಂದೆ ಮತ್ತು ಹಗ್ಗದ ತುದಿಯಲ್ಲಿ. ಚಿನ್ನದ ಪಟ್ಟಿಯ ಬಾಗಿಲು ಅವರಿಗೆ ಮುಚ್ಚಿತ್ತು. ೧೯೧೯ರ ಏಪ್ರಿಲ್ ೫ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಹಡಗಿನ ಒಡೆತನ ಭಾರತೀಯರದಾಯಿತೇ ಹೊರತು ಅಧಿಕಾರಿಗಳನ್ನು ತಯಾರಿಸುವ ಶಾಲೆಯೊಂದು ದೇಶದಲ್ಲಿರಲಿಲ್ಲ. ೧೯೨೨ರಲ್ಲಿ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರ ಶಾಸನಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿದರು, ಸಮಿತಿಯೊಂದು ಕುಳಿತಿತು, ಕೊನೆಗೆ ೧೯೨೭ರಲ್ಲಿ ಮುಂಬಯಿ ಬಂದರಿನಲ್ಲಿ ‘ಡಫರಿನ್’ ತರಬೇತಿ ಹಡಗು ಆರಂಭವಾಯಿತು. ಅದರ ಸ್ಥಾನಕ್ಕೆ ೧೯೭೨ರಲ್ಲಿ ‘ರಾಜೇಂದ್ರ’, ೧೯೯೩ರಲ್ಲಿ ನವಿ ಮುಂಬಯಿಯ ದಡದ ಮೇಲೆ ‘ಚಾಣಕ್ಯ’ ಬಂದವು. ಖಾದಿ ತೊಟ್ಟವರು ಬೀದಿಯಲ್ಲಿ ಕೇಳುತ್ತಿದ್ದುದಕ್ಕೂ ಡಫರಿನ್ನಿನ ಹುಡುಗರು ನೀಲಿ ಕೋಟು ತೊಟ್ಟು ಪಡೆದುದಕ್ಕೂ ಮೂಲದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು ನನ್ನ ಅಭಿಪ್ರಾಯ.

ಮಹಿಳೆಯರಿಗಂತೂ ಆ ಬಾಗಿಲು ತೆರೆಯಲು ಇನ್ನೂ ಏಳು ದಶಕಗಳು ಬೇಕಾದವು. ಸೋನಾಲಿ ಬ್ಯಾನರ್ಜಿಯವರು ದೇಶದ ಪ್ರಥಮ ಮಹಿಳಾ ನೌಕಾ ಇಂಜಿನಿಯರರಾದುದು ೧೯೯೯ರಲ್ಲಿ. ೨೦೧೫ರ ಜೂನಿನಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯ ನಡುವೆ ‘ದುರ್ಗಮ್ಮ’ ಎಂಬ ದೋಣಿಯ ಏಳು ಮಂದಿ ಮೀನುಗಾರರನ್ನು ಉಳಿಸಿದ ಕಪ್ತಾನ್ ರಾಧಿಕಾ ಮೆನನ್ ಅವರಿಗೆ ಮರುವರ್ಷ ಅಂತರರಾಷ್ಟ್ರೀಯ ಸಾಗರಿಕ ಸಂಸ್ಥೆಯ ಶೌರ್ಯ ಪ್ರಶಸ್ತಿ ದೊರೆಯಿತು. ನಾಲ್ಕು ಪಟ್ಟಿಗಳ ಅರ್ಥವೇನೆಂದು ಮಕ್ಕಳಿಗೆ ಹೇಳಬೇಕಾದಾಗ ಈ ಒಂದು ನಿದರ್ಶನ ಸಾಕು.

ಇನ್ನೊಂದು ಮಾತು, ಪದವನ್ನು ಕುರಿತು. ‘ಮರ್ಚೆಂಟ್ ನೇವಿ’ ಎಂಬ ಹೆಸರು ಮೊದಲನೆಯ ಮಹಾಯುದ್ಧದಲ್ಲಿ ಪ್ರಾಣತೆತ್ತ ಬ್ರಿಟನ್ನಿನ ವಾಣಿಜ್ಯ ನಾವಿಕರಿಗೆ ಅಲ್ಲಿನ ದೊರೆ ಕೊಟ್ಟ ಗೌರವನಾಮ. ನಾವು ಅದನ್ನು ‘ವಾಣಿಜ್ಯ ನೌಕಾಪಡೆ’ ಎಂದು ಕನ್ನಡಿಸಿಕೊಂಡೆವು. ‘ಪಡೆ’ ಎಂದೊಡನೆ ರಾಯಚೂರಿನಿಂದಲೋ ಬೀದರಿನಿಂದಲೋ ಬಂದು ಇಲ್ಲಿ ನೆಲೆಸಿದ ತಂದೆಯ ಕಿವಿಗೆ ಅದು ಸರ್ಕಾರದ ನೌಕರಿಯಾಗಿ ಕೇಳಿಸುತ್ತದೆ. ಪಡೆಯೂ ಇಲ್ಲ, ಪಿಂಚಣಿಯೂ ಇಲ್ಲ; ಅದು ಹಡಗು ಕಂಪನಿಗಳೊಡನೆ ಸಾಮಾನ್ಯವಾಗಿ ಕೆಲವು ತಿಂಗಳುಗಳ ಕರಾರಿನ ಮೇಲೆ ನಡೆಯುವ ವೃತ್ತಿ. ‘ವಾಣಿಜ್ಯ ನೌಕಾಯಾನ’ ಎಂದಿದ್ದರೆ ಎಷ್ಟೋ ಮನೆಗಳ ಭ್ರಮೆ ತಪ್ಪುತ್ತಿತ್ತು. ಕಾಸರಗೋಡು ಜಿಲ್ಲೆಯ ಕೋಟಿಕುಳಂ, ಪಾಲಕ್ಕುನ್ನು ಕಡೆಯವರಿಗೆ ಈ ವಿವರಣೆ ಬೇಕಾಗಿಲ್ಲ. ಅಲ್ಲಿ ತಲೆಮಾರುಗಳಿಂದ ಮನೆಮನೆಗಳಿಂದ ಹಡಗಿಗೆ ಹೋದವರಿದ್ದಾರೆ, ವಿಚಾರಿಸಲು ಪಕ್ಕದ ಮನೆಯ ಜಗಲಿಯೇ ಸಾಕು. ಒಳನಾಡಿನ ನಮಗೆ ಆ ಜಗಲಿ ಇಲ್ಲ. ಜಗಲಿಯ ಜಾಗದಲ್ಲಿ ಫಲಕವಿದೆ.

ನಮ್ಮ ಬಡಾವಣೆಯ ಕನ್ನಡ ಕುಟುಂಬವೊಂದಕ್ಕೆ ಒದಗಿದ ಸ್ಥಿತಿಯನ್ನು ಹೆಸರು ಹೇಳದೆ ಸೂಚಿಸುತ್ತೇನೆ. ಹನ್ನೆರಡನೆಯ ತರಗತಿ ಮುಗಿಸಿದ ಮಗನನ್ನು ಒಂದು ಖಾಸಗಿ ಸಂಸ್ಥೆಗೆ ಸೇರಿಸಿದರು. ಮೊದಲ ವಾರದಲ್ಲಿಯೇ ಅಳತೆ ತೆಗೆದು ಎರಡು ಜೊತೆ ಬಿಳಿಯ ಸಮವಸ್ತ್ರ, ಟೋಪಿ, ಭುಜಪಟ್ಟಿಗಳನ್ನು ಕೊಟ್ಟರು. ಮನೆಯಲ್ಲಿ ಹಬ್ಬವೇ ಆಯಿತು. ಅಜ್ಜಿ ದೃಷ್ಟಿ ತೆಗೆದಳು, ಭಾವಚಿತ್ರಕ್ಕೆ ಕಟ್ಟು ಹಾಕಿಸಿದರು, ಊರಿಗೂ ಒಂದು ಪ್ರತಿ ಹೋಯಿತು. ಆಮೇಲೆ ಕೆಲವು ಲಕ್ಷ ರೂಪಾಯಿಗಳು ಕಂತುಕಂತಾಗಿ ಹೋದವು. ವರ್ಷ ಕಳೆದರೂ ಹಡಗು ಬರಲಿಲ್ಲ. ವಿಚಾರಿಸಿ ನೋಡಿದರೆ ಆ ತರಬೇತಿಗೆ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆಯೇ ಇರಲಿಲ್ಲ. ಸಾಲದುದಕ್ಕೆ ಹುಡುಗನಿಗೆ ವರ್ಣದೃಷ್ಟಿಯ ದೋಷವಿದ್ದು, ಡೆಕ್ಕಿನ ಅಧಿಕಾರಿಯಾಗುವುದು ಅವನಿಗೆ ಎಂದಿಗೂ ಸಾಧ್ಯವಿರಲಿಲ್ಲ. ಕೆಂಪು ಹಸಿರು ದೀಪಗಳನ್ನು ಕತ್ತಲಲ್ಲಿ ಗುರುತಿಸಲಾರದವನ ಕೈಗೆ ಹಡಗನ್ನು ಯಾರೂ ಕೊಡುವುದಿಲ್ಲ. ಈ ಪರೀಕ್ಷೆಗೆ ಅರ್ಧ ದಿನ ಸಾಕಾಗಿತ್ತು. ದರ್ಜಿ ಅಳತೆ ತೆಗೆಯುವ ಮುನ್ನ ವೈದ್ಯರು ಕಣ್ಣು ನೋಡಿದ್ದರೆ ಆ ಮನೆಯ ಹೊಲವೊಂದು ಉಳಿಯುತ್ತಿತ್ತು. ಆ ಕಟ್ಟು ಹಾಕಿದ ಭಾವಚಿತ್ರವನ್ನು ಈಗ ಗೋಡೆಯಿಂದ ತೆಗೆಯುವುದೂ ಕಷ್ಟ, ಬಿಡುವುದೂ ಕಷ್ಟ.

ಕಡತಗಳ ನಡುವೆ ಆಯುಷ್ಯದ ಬಹುಪಾಲು ಕಳೆದವನಾದ್ದರಿಂದ ಕಾಗದವನ್ನು ಮೊದಲು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ವೃತ್ತಿಯಲ್ಲಿ ಕಾಗದಗಳ ಕ್ರಮ ಸ್ಪಷ್ಟವಾಗಿಯೇ ಇದೆ. ಭೌತ, ರಸಾಯನ, ಗಣಿತಗಳೊಡನೆ ಹನ್ನೆರಡನೆಯ ತರಗತಿ. ಮಹಾನಿರ್ದೇಶನಾಲಯದ ಅಂಗೀಕಾರವುಳ್ಳ ವೈದ್ಯರಿಂದ ಪ್ರಮಾಣಪತ್ರ. ೨೦೦೮ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರಿಕ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಬಳಿಕ ಇಂಡೋಸ್ ಸಂಖ್ಯೆ, ಸುರಕ್ಷತಾ ತರಬೇತಿ, ಸಿ.ಡಿ.ಸಿ. ಎಂದು ಕರೆಯುವ ನಾವಿಕನ ಪುಸ್ತಕ. ಕೆಲಸ ಕೊಡಿಸುವ ಸಂಸ್ಥೆಗೂ ಪರವಾನಗಿ ಸಂಖ್ಯೆ ಇರಲೇಬೇಕು. ಭಾರತವು ೨೦೧೫ರಲ್ಲಿ ಅನುಮೋದಿಸಿದ ಸಾಗರಿಕ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ಶುಲ್ಕ ವಸೂಲು ಮಾಡುವಂತಿಲ್ಲ. ವೈದ್ಯಕೀಯ ಪತ್ರ, ನಾವಿಕ ಪುಸ್ತಕ, ಪಾಸ್‌ಪೋರ್ಟುಗಳ ವೆಚ್ಚವನ್ನಷ್ಟೇ ಅವನು ಭರಿಸಬೇಕಾಗಬಹುದು. ಹಡಗು ಹತ್ತಿಸಲು ಇಷ್ಟು ಲಕ್ಷ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಯಬೇಕು, ಅವರು ಎಂತಹ ಟೋಪಿ ಹಾಕಿಕೊಂಡಿದ್ದರೂ ಸರಿ. ಟೋಪಿ ಹಾಕುವುದು ಎಂಬ ನಮ್ಮ ನುಡಿಗಟ್ಟು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ವಿಚಿತ್ರವೆಂದರೆ ನಿಜವಾದ ಹಡಗಿನಲ್ಲಿ ಈ ಉಡುಪು ಕಾಣಸಿಗುವುದೇ ವಿರಳ. ದಿನದ ಕೆಲಸವೆಲ್ಲ ಬಾಯ್ಲರ್ ಸೂಟು, ಹೆಲ್ಮೆಟ್ಟು, ಉಕ್ಕಿನ ಮೂತಿಯ ಬೂಟುಗಳಲ್ಲಿ. ಬಂದರಿನ ಅಧಿಕಾರಿಗಳು ಬಂದಾಗ ಬಿಳಿಯ ಅಂಗಿ. ನೀಲಿ ಕೋಟು ಸಮಾರಂಭಗಳಿಗಷ್ಟೇ, ಅದೂ ಕೆಲವು ಕಂಪನಿಗಳಲ್ಲಿ. ಆದಕಾರಣ ಹಳೆಯ ರೀತಿಯ ಸಮವಸ್ತ್ರವನ್ನು ಹೊಲಿಯುವವರೂ ಕಡಿಮೆಯಾಗಿದ್ದಾರೆ. ದಿಲ್‌ಸುಖ್‌ನಗರದಲ್ಲಿ ದೊರೆಯುವುದು ಪಾಲಿಯೆಸ್ಟರ್ ಅಂಗಿ, ಅಂಟಿಸಿದ ಹೊಳಪಿನ ಪಟ್ಟಿ. ಕೃಷ್ಣಾನಗರದ ಸಿನಿಮಾ ಉಡುಪಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುವುದು ದೂರದಿಂದ ಮಾತ್ರ ನೋಡತಕ್ಕದ್ದು. ಉಣ್ಣೆಯ ಕೋಟನ್ನು ಸರಿಯಾಗಿ ಕತ್ತರಿಸಬಲ್ಲವರು ಬೇಕಾದರೆ ಸಿಕಂದರಾಬಾದಿನ ದಂಡಿನ ಪ್ರದೇಶದ ಹಳೆಯ ದರ್ಜಿಗಳಲ್ಲಿ ವಿಚಾರಿಸಬೇಕು. ಇಲ್ಲವೇ ಮುಂಬಯಿಯ ಕೋಟೆ ಪ್ರದೇಶಕ್ಕೆ ಹೋಗಬೇಕು. ಸರಿಗೆಯ ಲಾಂಛನಗಳಂತೂ ಪರದೇಶದಿಂದ ತರಿಸಬೇಕಾದವಲ್ಲ. ಜಗತ್ತಿನ ಎಷ್ಟೋ ಸೇನೆಗಳ ಜರತಾರಿ ಲಾಂಛನಗಳು ವಾರಾಣಸಿಯ ಕುಶಲಿಗಳ ಕೈಯಿಂದ ಹೋಗುತ್ತವೆ. ಹಳೆಯ ಟೋಪಿಯ ಲಾಂಛನ ಬಿಚ್ಚಿಕೊಂಡಿದ್ದರೆ ಹೈದರಾಬಾದಿನ ಹಳೆ ನಗರದಲ್ಲಿ ಮದುವೆಯ ಉಡುಪಿಗೆ ಜರ್ದೋಜಿ ಹಾಕುವವರು ಅದನ್ನು ಮತ್ತೆ ಕೂಡಿಸಬಲ್ಲರು. ಜೋಪಾನದ ವಿಷಯದಲ್ಲಿ ನಮ್ಮ ಗೃಹಿಣಿಯರಿಗೆ ಉಪದೇಶ ಬೇಕಿಲ್ಲ. ಜರತಾರಿ ಸೀರೆಯ ನಿಯಮವೇ ಇದಕ್ಕೂ: ನುಸಿಗುಳಿಗೆ ಸರಿಗೆಗೆ ತಾಗಬಾರದು, ಸುಗಂಧ ಸಿಂಪಡಿಸಬಾರದು, ಆಗಾಗ ಮಡಿಕೆ ಬದಲಿಸಿ ಗಾಳಿಗೆ ಹಿಡಿಯಬೇಕು.

ತೊಡುವ ಹಕ್ಕಿನ ಬಗ್ಗೆ ಒಂದೆರಡು ಮಾತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೬೮ನೆಯ ಕಲಮು, ಸೈನಿಕ, ನಾವಿಕ ಅಥವಾ ವಾಯುಸೈನಿಕನೆಂದು ನಂಬಿಸುವ ಉದ್ದೇಶದಿಂದ ಆ ಉಡುಪು ಧರಿಸುವುದನ್ನು ದಂಡಾರ್ಹವೆನ್ನುತ್ತದೆ. ಅಲ್ಲಿ ನಾವಿಕನೆಂದರೆ ಸೇನೆಯ ನಾವಿಕ. ವಾಣಿಜ್ಯ ನೌಕೆಯವನು ಆ ಕಲಮಿಗೆ ಸೇರನು. ಫಲಕದ ಯುವಕನು ಕಾನೂನಿನಿಂದ ಪಾರಾಗುವುದು ಈ ಸಂದಿಯಲ್ಲಿಯೇ. ನಾಟಕಕ್ಕೋ ಮಕ್ಕಳ ವೇಷಸ್ಪರ್ಧೆಗೋ ಯಾರಾದರೂ ಈ ಉಡುಪು ತೊಟ್ಟರೆ ನನ್ನ ಆಕ್ಷೇಪವೇನೂ ಇಲ್ಲ. ಮದುವೆಯ ಮಾತುಕತೆಗೆ ಕಳುಹಿಸುವ ಚಿತ್ರದಲ್ಲಿ, ಹಣ ಕೇಳುವ ಕಚೇರಿಯ ಕುರ್ಚಿಯಲ್ಲಿ ಕಂಡಾಗ ಮಾತ್ರ ಆಕ್ಷೇಪವಿದೆ. ಹೆಣ್ಣು ಕೊಡುವವರು ಪಟ್ಟಿಗಳನ್ನು ಎಣಿಸಿದರೆ ಸಾಲದು, ಅರ್ಹತಾ ಪ್ರಮಾಣಪತ್ರದ ದರ್ಜೆಯನ್ನು ಕೇಳಬೇಕು. ಕೇಳುವುದರಲ್ಲಿ ಅವಮಾನವಿಲ್ಲ, ನಿಜವಾದ ಅಧಿಕಾರಿ ಹೆಮ್ಮೆಯಿಂದಲೇ ತೋರಿಸುತ್ತಾನೆ.

ನಮ್ಮ ಸಂಘಗಳ ಪಾಲೂ ಇದರಲ್ಲಿದೆ. ಹೊರನಾಡಿನ ರಾಜ್ಯೋತ್ಸವ ವೇದಿಕೆಗಳಲ್ಲಿ ನಾವು ಸಾಹಿತಿಗಳನ್ನು, ಸೇನಾಧಿಕಾರಿಗಳನ್ನು, ಉನ್ನತ ಹುದ್ದೆಯವರನ್ನು ಸನ್ಮಾನಿಸಿದ್ದೇವೆ. ಮಂಗಳೂರಿನಿಂದಲೋ ಕಾರವಾರದಿಂದಲೋ ಹೊರಟು ಮೂರು ದಶಕ ಕಡಲ ಮೇಲಿದ್ದು, ನಿವೃತ್ತಿಯಲ್ಲಿ ಮಕ್ಕಳೊಡನೆ ಈ ನಗರದಲ್ಲಿ ನೆಲೆಸಿದವರನ್ನು ವೇದಿಕೆಗೆ ಕರೆದ ನೆನಪು ನನಗಿಲ್ಲ. ಅವರ ಎದೆಯ ಮೇಲೆ ಪದಕಗಳಿಲ್ಲ, ಆದ್ದರಿಂದ ನಮ್ಮ ಕಣ್ಣಿಗೆ ಬಿದ್ದಿಲ್ಲ. ‘ಲಾಯಲ್ಟಿ’ ಹೊರಟ ಏಪ್ರಿಲ್ ೫ನ್ನು ದೇಶವು ೧೯೬೪ರಿಂದ ರಾಷ್ಟ್ರೀಯ ಸಾಗರಿಕ ದಿನವೆಂದು ಆಚರಿಸುತ್ತ ಬಂದಿದೆ. ಆ ದಿನ, ಇಲ್ಲವೇ ಅದಕ್ಕೆ ಸಮೀಪದ ಭಾನುವಾರ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಸಂಜೆಯ ಸಭೆ ನಡೆಯಲಿ. ಅವರು ತಮ್ಮ ಪೂರ್ಣ ಸಮವಸ್ತ್ರದಲ್ಲಿಯೇ ಬರಲಿ. ಹೈದರಾಬಾದಿನ ಏಪ್ರಿಲ್ ಸೆಕೆಗೆ ನೀಲಿ ಕೋಟು ಸಲ್ಲದು, ಬಿಳಿಯದಾದರೆ ಸಾಕು. ಹನ್ನೆರಡನೆಯ ತರಗತಿಯ ಮಕ್ಕಳೂ ಅವರ ತಂದೆತಾಯಿಗಳೂ ಮುಂದಿನ ಸಾಲಿನಲ್ಲಿ ಕುಳಿತು, ಫಲಕವನ್ನು ಕೇಳಲಾಗದ ಪ್ರಶ್ನೆಗಳನ್ನು ಅವರಿಗೆ ಕೇಳಲಿ. ಮನೆಗೆ ಎಷ್ಟು ತಿಂಗಳಿಗೊಮ್ಮೆ ಬರುತ್ತಿದ್ದಿರಿ, ತಾಯಿ ತೀರಿಕೊಂಡಾಗ ಎಲ್ಲಿದ್ದಿರಿ, ಕರಾರು ಮುಗಿದು ಮುಂದಿನ ಹಡಗು ಸಿಗುವವರೆಗೆ ಸಂಸಾರ ಹೇಗೆ ನಡೆಯಿತು ಎಂದು. ಟ್ರಂಕಿನ ತಳದಿಂದ ತೆಗೆದ ಷರಾಯಿಗಳು ಸೊಂಟಕ್ಕೆ ಬಿಗಿಯಾಗಿದ್ದರೆ ಸಂಕೋಚ ಬೇಡ, ಬಿಚ್ಚಿಕೊಡುವ ದರ್ಜಿಗಳು ದಿಲ್‌ಸುಖ್‌ನಗರದ ಗಲ್ಲಿಗಲ್ಲಿಯಲ್ಲಿದ್ದಾರೆ.