ಪ್ರಮಾಣಿಸಿ ನೋಡಿದವರು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಈ ಮಾತಿನ ಬೆಲೆಯನ್ನು ಅರಿಯಬಯಸುವವರು ವಿಮಾನದ ಹುಟ್ಟನ್ನು ಒಮ್ಮೆ ಅವಲೋಕಿಸಬೇಕು.

ಅಮೆರಿಕೆಯ ಡೇಟನ್ ಪಟ್ಟಣದಲ್ಲಿ ಬೈಸಿಕಲ್ ಅಂಗಡಿಯನ್ನಿಟ್ಟಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸೋದರರು 1903ನೆಯ ಇಸವಿ ಡಿಸೆಂಬರ್ 17ರಂದು ಕಿಟಿ ಹಾಕ್ ಗ್ರಾಮದ ಬಳಿಯ ಮರಳುಗಾಡಿನಲ್ಲಿ ಎಂಜಿನ್ನಿನ ಬಲದಿಂದ ಹಾರಿದರು. ಮೊದಲನೆಯ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯದು 59 ಸೆಕೆಂಡು, 852 ಅಡಿ. ಹತ್ತು ವರ್ಷಗಳ ತರುವಾಯ, 1913ರಲ್ಲಿ ಬರೆದ ಲೇಖನವೊಂದರಲ್ಲಿ ಆರ್ವಿಲ್ ಮಹಾಶಯರು, ಗಂಟೆಗೆ 27 ಮೈಲಿ ವೇಗದ ಗಾಳಿಯಲ್ಲಿ ಹೊಸ ಯಂತ್ರವನ್ನೇರಿದ ತಮ್ಮ ಸಾಹಸಕ್ಕೆ ತಾವೇ ಬೆರಗಾಗಿದ್ದಾರೆ. ಆ ಧೈರ್ಯದ ಮೂಲವನ್ನೂ ಅವರು ಅಲ್ಲಿಯೇ ತಿಳಿಸಿದ್ದಾರೆ: ತಿಂಗಳುಗಟ್ಟಲೆ ಪರೀಕ್ಷಿಸಿ ತಾವೇ ಸಿದ್ಧಪಡಿಸಿದ ಗಾಳಿಯೊತ್ತಡದ ಕೋಷ್ಟಕಗಳು, ಮತ್ತು ಮೂರು ವರ್ಷ ಗ್ಲೈಡರುಗಳಲ್ಲಿ ಪಡೆದ ಅನುಭವ.

ಆ ಕೋಷ್ಟಕಗಳ ಅವಶ್ಯಕತೆ ಏಕೆ ಬಂದಿತು? 1901ರ ಅವರ ಗ್ಲೈಡರು ಪೂರ್ವಿಕರ ಲೆಕ್ಕದಂತೆ ಮೇಲೇಳಲಿಲ್ಲ. ನೂರು ವರ್ಷಗಳಿಗೂ ಮೀರಿ ವಿದ್ವಾಂಸರು ಒಪ್ಪಿಕೊಂಡು ಬಂದಿದ್ದ ಸ್ಮೀಟನ್ನನ ಅಂಕಿಯೇ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿದ್ದಿತು. ಸೋದರರು ಆರಡಿ ಉದ್ದದ ಮರದ ಪೆಟ್ಟಿಗೆಯೊಂದರಲ್ಲಿ ಗಾಳಿಯನ್ನು ಹರಿಸಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಅಳೆದರು. ಅವರಿಗೆ ಕಾಲೇಜಿನ ಪದವಿಯೂ ಇರಲಿಲ್ಲ, ಸರ್ಕಾರದ ಹಣವೂ ಇರಲಿಲ್ಲ. ಸರ್ಕಾರದಿಂದ 50,000 ಡಾಲರುಗಳನ್ನು ಪಡೆದಿದ್ದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಲ್ಯಾಂಗ್ಲಿಯವರ ಯಂತ್ರವಾದರೋ ಅದೇ 1903ರಲ್ಲಿ ಎರಡು ಬಾರಿ ನದಿಗೆ ಬಿದ್ದಿತು.

ಆದರೂ ಆ ಸಂಸ್ಥೆ ಅಭಿಮಾನವನ್ನು ಬಿಡಲಿಲ್ಲ. 1914ರಲ್ಲಿ ಲ್ಯಾಂಗ್ಲಿಯವರ ಯಂತ್ರವನ್ನು ಮಾರ್ಪಡಿಸಿ ಹಾರಿಸಿ, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ತಮ್ಮದೇ ಎಂದು ಸಾರಿತು. ನೊಂದ ಆರ್ವಿಲ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಕೊಟ್ಟರು. 1942ರಲ್ಲಿ ಸಂಸ್ಥೆ ತನ್ನ ಮಾತನ್ನು ಹಿಂತೆಗೆದುಕೊಂಡಿತು. ವಿಮಾನ 1948ರಲ್ಲಿ ಸ್ವದೇಶಕ್ಕೆ ಮರಳುವ ಹೊತ್ತಿಗೆ ಆರ್ವಿಲ್ ಕಾಲವಾಗಿದ್ದರು. ಹುಸಿ ಹೆಮ್ಮೆಯಿಂದ ಒಂದು ರಾಷ್ಟ್ರ ತನ್ನ ನಿಜವಾದ ಹೆಮ್ಮೆಯನ್ನು ಇಪ್ಪತ್ತು ವರ್ಷ ಪರದೇಶದಲ್ಲಿರಿಸಬೇಕಾಯಿತು.

ನಮ್ಮಲ್ಲಿಯೂ ಇಂತಹ ಹೆಮ್ಮೆಗೆ ಕೊರತೆಯಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೆಯ ಶತಮಾನದ ಆದಿಯಲ್ಲಿ ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು ಭರದ್ವಾಜ ಮಹರ್ಷಿಗಳ ಕೃತಿಯೆಂದು ನಂಬಿ, ವಿಮಾನವಿದ್ಯೆ ನಮ್ಮಲ್ಲಿ ಮೊದಲೇ ಇದ್ದಿತೆಂದು ಸಭೆಗಳಲ್ಲಿ ಹೇಳುವವರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಆ ಗ್ರಂಥವನ್ನು ಪರಿಶೀಲಿಸಿ, ಅದು ಪ್ರಾಚೀನವಲ್ಲವೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಇದು ಪೂರ್ವಿಕರಿಗೆ ಮಾಡಿದ ಅಗೌರವವೆಂದು ಕೆಲವರು ಮುನಿಯಬಹುದು. ಗೌತಮರ ನ್ಯಾಯಸೂತ್ರ ತನ್ನ ಪದಾರ್ಥಗಳಲ್ಲಿ ಮೊದಲು ಎಣಿಸುವುದು ಪ್ರಮಾಣವನ್ನೇ ಎಂಬುದನ್ನು ಅಂಥವರು ನೆನೆಯಬೇಕು. ಪೂರ್ವಿಕರ ಮಾರ್ಗವನ್ನು ನಿಜವಾಗಿ ಅನುಸರಿಸಿದವರು ಆ ಐವರೇ.

ಹೆಮ್ಮೆಪಡಲು ನಮಗೆ ಕಾರಣಗಳಿಲ್ಲವೆ? 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ಅಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನ 1951ರಲ್ಲಿ ಆಕಾಶಕ್ಕೇರಿತು. ಅದು ಶ್ಲೋಕದ ಬಲದಿಂದ ಏರಿದುದಲ್ಲ. ಲೆಕ್ಕದ ಬಲದಿಂದ ಏರಿದುದು. ನಮ್ಮ ಉಪಾಧ್ಯಾಯರೂ ವಿದ್ಯಾಧಿಕಾರಿಗಳೂ ಮಕ್ಕಳಿಗೆ ಹೇಳಬೇಕಾದ ಕಥೆ ಇದು. ಹೇಳಿದ ಮೇಲೆ ಅವರ ಕೈಗೆ ಒಂದು ಅಳತೆಗೋಲನ್ನೂ ತಕ್ಕಡಿಯನ್ನೂ ಕೊಟ್ಟು, ಪುಸ್ತಕದ ಅಂಕಿ ಸರಿಯೇ ಎಂದು ಅವರೇ ನೋಡುವಂತೆ ಮಾಡಬೇಕೆಂದು ನಾವು ಒತ್ತಿ ಹೇಳುತ್ತೇವೆ.