ಯಾವ ಕಂಪ್ಯೂಟರ್ ಪದವಿ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಅನೇಕ ಮನೆಗಳಲ್ಲಿ ಕೇಳಿಬರುವ ಮಾತು, ‘ಮಗುವಿಗೆ ಕಂಪ್ಯೂಟರ್ ಓದಿಸೋಣ’ ಎಂಬುದು. ಯಾವ ಪದವಿ ಎಂದು ಕೇಳಿದರೆ ಮಾತ್ರ ಹಿರಿಯರು ಮುಖಮುಖ ನೋಡಿಕೊಳ್ಳುತ್ತಾರೆ. ಬಿ.ಸಿ.ಎ. ಆದರೇನು, ಬಿ.ಎಸ್‌ಸಿ. ಆದರೇನು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕಳಿಸಿದರಾಯಿತೆಂಬ ಸಮಾಧಾನ ಅವರದು. ಆ ಸಮಾಧಾನವೇ ಮೂರು ವರ್ಷಗಳ ತರುವಾಯ ಅಳಲಿಗೆ ಕಾರಣವಾಗುವುದುಂಟು.

ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ, ಗಣಿತಗಳ ಜೊತೆಗೆ ಕಂಪ್ಯೂಟರ್ ವಿಜ್ಞಾನವನ್ನು ಐಚ್ಛಿಕವಾಗಿ ಓದುವುದು ಕರ್ನಾಟಕದಲ್ಲಿ ಬಹುಕಾಲದ ರೂಢಿ. ಹೀಗೆ ಓದಿದವರಿಗೆ ಎಂ.ಸಿ.ಎ. ಬಾಗಿಲು ತೆರೆದಿರುತ್ತದೆ, ಗಣಿತದ ಎಂ.ಎಸ್‌ಸಿ.ಯೂ ಕೈಗೆಟಕುತ್ತದೆ, ಬಿ.ಎಡ್. ಮುಗಿಸಿ ಪ್ರೌಢಶಾಲೆಯ ಗಣಿತದ ಅಧ್ಯಾಪಕರೂ ಆಗಬಹುದು. ಬಿ.ಸಿ.ಎ.ಯಾದರೋ ಪ್ರೋಗ್ರಾಮು ಬರೆಯುವ ಉದ್ಯೋಗಕ್ಕೆಂದೇ ಕಟ್ಟಿದ ಪದವಿ. ವಾಣಿಜ್ಯ ಓದಿದ ಮಕ್ಕಳಿಗೂ ಅನೇಕ ಕಡೆ ಅದರಲ್ಲಿ ಸ್ಥಳವುಂಟು. ಬೇಗನೆ ನೌಕರಿ ಹಿಡಿಯಬೇಕೆಂಬುವವರಿಗೆ ಅದೇ ಲೇಸು. (ಪದವಿಯ ಅವಧಿಯೂ ಸ್ಥಿರವಾಗಿ ನಿಲ್ಲಲಿಲ್ಲ, ೨೦೨೧ರಲ್ಲಿ ಬಂದ ನಾಲ್ಕು ವರ್ಷಗಳ ಕ್ರಮವನ್ನು ರಾಜ್ಯವು ೨೦೨೪ರಲ್ಲಿ ಕೈಬಿಟ್ಟಿತು.)

ತೊಡಕೆಲ್ಲ ಇರುವುದು ಗಣಿತದಲ್ಲಿ. ೨೦೨೦ರಿಂದ ಎರಡೇ ವರ್ಷಕ್ಕಿಳಿದಿರುವ ಎಂ.ಸಿ.ಎ.ಗೆ ಗಣಿತ ಓದಿರದವರು ಬಂದರೆ ಒಮ್ಮೆ ಪ್ರವೇಶವನ್ನೇ ನಿರಾಕರಿಸಿದ್ದುಂಟು, ಒಮ್ಮೆ ಪೂರಕ ಪಾಠ ಕಲಿಯಿರೆಂದದ್ದುಂಟು. ಆದುದರಿಂದ ನೆರೆಮನೆಯವರ ಮಾತಿಗಿಂತ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಪ್ರಕಟಣೆಯನ್ನೇ ನಂಬತಕ್ಕದ್ದು. ಜೋಯಿಡಾದ ಕಾಡಿನಂಚಿನಿಂದ ಬಂದ ಹುಡುಗಿಯ ಒಂದು ವರ್ಷ ವ್ಯರ್ಥವಾದರೆ ಹೋಗುವುದು ವಸತಿಗೃಹದ ವೆಚ್ಚವಷ್ಟೇ ಅಲ್ಲ. ‘ಇನ್ನು ಓದು ಸಾಕು, ಮದುವೆ ನೋಡೋಣ’ ಎನ್ನಲು ಮನೆಯಲ್ಲಿ ನೆಪವೊಂದು ಸಿಕ್ಕಂತಾಗುತ್ತದೆ.

ಎಸ್.ಎಸ್.ಎಲ್.ಸಿ. ಬಳಿಕ ಡಿಪ್ಲೊಮಾ ಓದಿದವರ ದಾರಿ ಬೇರೆ. ಅವರು ಡಿ.ಸಿ.ಇ.ಟಿ. ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷವನ್ನು ಸೇರಬಹುದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಹಳಿಯಾಳದಲ್ಲಿಯೇ ೨೦೦೪ರಿಂದ ಇದೆ. ಕಂಪ್ಯೂಟರ್ ಸೈನ್ಸ್ ದೊರೆಯದೆ ಇನ್‌ಫರ್ಮೇಷನ್ ಸೈನ್ಸ್ ದೊರೆಯಿತೆಂದು ಕೊರಗುವವರು ಎರಡರ ಪಠ್ಯವನ್ನೂ ಪಕ್ಕದಲ್ಲಿಟ್ಟು ನೋಡಲಿ, ಬಹುಪಾಲು ಒಂದೇ. ಮೊದಲ ವರ್ಷವನ್ನು ದಾಟಿ ಬಂದವರಿಗೆ ಹೆಚ್ಚುವರಿಯಾಗಿ ಹೇರುವ ಗಣಿತದ ಬಗೆಗಾದರೆ ಚಿಂತಿಸುವುದು ನ್ಯಾಯ.

ಪ್ರವೇಶದ ಅರ್ಜಿ ತುಂಬುವ ಮುನ್ನ ಐಚ್ಛಿಕ ವಿಷಯಗಳ ಪಟ್ಟಿಯನ್ನು ಕಾಲೇಜಿನಿಂದ ಪಡೆದು, ಧಾರವಾಡದ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ತೋರಿಸಿ ಕೇಳಬಹುದು. ಹಳಿಯಾಳದಿಂದ ಬೆಳಗಿನ ಬಸ್ಸಿಗೆ ಹೊರಟವರು ಸಂಜೆಯೊಳಗೆ ಮನೆ ಸೇರುತ್ತಾರೆ.