ಫೋಟೋದಲ್ಲಿ ನೋವು ಕಾಣುತ್ತದೆಯೇ?

ಹೇರೋಹಳ್ಳಿ ಕೆರೆಯ ಬಳಿ ಬೆಳಗ್ಗೆ ನಡೆಯುವ ಅಜ್ಜ-ಅಜ್ಜಿಯರ ಮಾತಿಗೆ ಕಿವಿಗೊಡಿ, ಮಕ್ಕಳೇ. ‘ನನ್ನ ಡಿಸ್ಕ್ ಸವೆದಿದೆಯಂತೆ, ಎಂ.ಆರ್.ಐ.ನಲ್ಲಿ ಬಂದಿದೆ’ ಎಂಬ ಮಾತು ಬಂದೇ ಬರುತ್ತದೆ. ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ವರದಿಗೆ ಹೆದರಿ ಕೆಲವರು ನಡಿಗೆಯನ್ನೇ ಬಿಟ್ಟುಬಿಡುತ್ತಾರೆ.

ಆದರೆ ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೆ? ಬೆನ್ನುನೋವಿಲ್ಲದ 3,110 ಮಂದಿಯ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 20 ವರ್ಷದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ; 80 ವರ್ಷದವರಲ್ಲಿ 96 ಮಂದಿಗೆ! ತಲೆ ನರೆಯುವಂತೆ ಬೆನ್ನೂ ಒಳಗೊಳಗೇ ನರೆಯುತ್ತದೆ ಅನ್ನಿ.

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಎಂ.ಆರ್.ಐ.ಯಲ್ಲಿ ಡಿಸ್ಕ್, ನರಗಳೂ ಕಾಣುತ್ತವೆ. ನೋವು ಮಾತ್ರ ಯಾವುದರಲ್ಲೂ ಕಾಣದು. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ ನೋವೂ ಹೆಚ್ಚುತ್ತದೆ. ಅದಕ್ಕೆ ಫೋಟೋ ಎಲ್ಲಿದೆ? ಹಾಗಾಗಿ ಸ್ಕ್ಯಾನ್ ಸರಿಯಿದ್ದರೂ ಅಜ್ಜಿಯ ನೋವು ಸುಳ್ಳಲ್ಲ.

ಬಿದ್ದ ಮೇಲೆ ಶುರುವಾದ ನೋವು, ಜೊತೆಗೆ ಜ್ವರ, ಕಾಲಿನಲ್ಲಿ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಇವಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆಗ ಸ್ಕ್ಯಾನ್ ಬೇಕಾಗಬಹುದು. ಮಾಮೂಲಿ ಸೊಂಟನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ವರದಿ ಕೈಗೆ ಬಂದಾಗ ಡಾಕ್ಟರನ್ನು ಕೇಳಿ, ಅಜ್ಜ: ‘ಇದು ನನ್ನ ವಯಸ್ಸಿನವರಿಗೆಲ್ಲ ಇರುವುದೋ, ನನ್ನ ನೋವಿಗೆ ಇದೇ ಕಾರಣವೋ?’